ತಬಲಾ ಸೋಲೊ: ಪಕ್ಕವಾದ್ಯದಿಂದ ವೇದಿಕೆಯ ಮಧ್ಯಕ್ಕೆ ಬಂದ ಮಹಿಳೆಯರು

ಹಿಂದೂಸ್ತಾನಿ ಸಂಗೀತದ ವೇದಿಕೆ ಮಹಿಳೆಗೆ ಹೊಸತಲ್ಲ. ಕೇಸರ್‌ಬಾಯಿ ಕೇರ್ಕರ್, ಮೊಗುಬಾಯಿ ಕುರ್ಡೀಕರ್, ಗಂಗೂಬಾಯಿ ಹಾನಗಲ್ ಮೊದಲಾದ ಗಾಯಕಿಯರು 20ನೇ ಶತಮಾನದ ಗಾಯನವನ್ನೇ ರೂಪಿಸಿದರು. ಆದರೆ ಅವರ ಪಕ್ಕದಲ್ಲಿ ತಬಲಾ ಮುಂದಿರಿಸಿಕೊಂಡು ಕುಳಿತವರು ಬಹುಮಟ್ಟಿಗೆ ಪುರುಷರೇ. ಗಂಗೂಬಾಯಿ ಅವರಿಗೆ ದೀರ್ಘಕಾಲ ಸಾಥ್ ನೀಡಿದವರು ಸೋದರ ಶೇಷಗಿರಿ ಹಾನಗಲ್. ಹಾಡು ಹೆಣ್ಣಿಗೆ, ತಾಳ ಗಂಡಿಗೆ ಎಂಬ ಈ ಅಲಿಖಿತ ಕಟ್ಟಳೆಯನ್ನು ಮೀರಿ, ತಬಲಾವನ್ನೇ ಪ್ರಧಾನ ವಾದ್ಯವಾಗಿಸಿಕೊಂಡು ಕಛೇರಿ ನೀಡಿದ ಮಹಿಳೆಯರ ಸಾಧನೆ ಏನೆಂಬುದನ್ನು ತಿಳಿಯಬೇಕಾದರೆ ಮೊದಲು ಆ ವಾದನದ ಸ್ವರೂಪವನ್ನು ಅರಿಯಬೇಕು.

ಏನಿದು ಸೋಲೊ?

ಗಾಯನ ಅಥವಾ ಸಿತಾರ್ ಕಛೇರಿಯಲ್ಲಿ ತಬಲಾವಾದಕರ ಮುಖ್ಯ ಕೆಲಸ ಠೇಕಾ ಹಿಡಿದು ತಾಳವನ್ನು ಕಾಯುವುದು. ಸೋಲೊದಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಹಾರ್ಮೋನಿಯಂ ಅಥವಾ ಸಾರಂಗಿ ‘ಲೆಹರಾ’ ಎಂಬ ಪುಟ್ಟ ಸ್ವರಾವೃತ್ತವನ್ನು ಮತ್ತೆ ಮತ್ತೆ ನುಡಿಸಿ ತಾಳದ ಲೆಕ್ಕ ಕಾಯುತ್ತದೆ. ಆ ಚೌಕಟ್ಟಿನಲ್ಲಿ ತಬಲಾ ಸ್ವತಂತ್ರವಾಗಿ ಮಾತನಾಡುತ್ತದೆ. 16 ಮಾತ್ರೆಗಳ ತೀನ್‌ತಾಲ್ ಇದಕ್ಕೆ ಅತ್ಯಂತ ಪ್ರಚಲಿತ ತಾಳ.

ವಾದನ ನಿಧಾನಗತಿಯ ‘ಪೇಶ್ಕಾರ್’ನಿಂದ ಆರಂಭವಾಗುವುದು ವಾಡಿಕೆ. ಅನಂತರ ‘ಕಾಯ್ದಾ’. ಹೆಸರೇ ಹೇಳುವಂತೆ ಇಲ್ಲಿ ನಿಯಮವೇ ಮುಖ್ಯ. ಮೂಲ ರಚನೆಯಲ್ಲಿರುವ ಬೋಲ್‌ಗಳನ್ನೇ ಹಿಂದುಮುಂದಾಗಿಸಿ ವಿಸ್ತರಿಸಬೇಕು, ಹೊರಗಿನದನ್ನು ಸೇರಿಸುವಂತಿಲ್ಲ. ಮುಂದೆ ದ್ರುತಗತಿಯ ‘ರೇಲಾ’, ಬಳಿಕ ಪೂರ್ವರಚಿತ ಗತ್, ತುಕಡಾ, ಚಕ್ರದಾರ್‌ಗಳು. ಒಂದೇ ತುಣುಕನ್ನು ಮೂರು ಬಾರಿ ನುಡಿಸಿ ‘ಸಮ್’ಗೆ ಬಂದು ನಿಲ್ಲುವ ತಿಹಾಯಿ ಶ್ರೋತೃಗಳ ಚಪ್ಪಾಳೆ ಗಿಟ್ಟಿಸುತ್ತದೆ. ದೆಹಲಿ, ಅಜ್ರಾಡಾ, ಲಖನೌ, ಫರುಖಾಬಾದ್, ಬನಾರಸ್ ಮತ್ತು ಪಂಜಾಬ್ ಎಂಬ ಆರು ಘರಾನೆಗಳು ತಮ್ಮವೇ ರಚನೆಗಳನ್ನೂ ನುಡಿಸಾಣಿಕೆಯನ್ನೂ ಬೆಳೆಸಿಕೊಂಡಿವೆ.

ವರದಕ್ಷಿಣೆಯಾದ ವಿದ್ಯೆ

ಈ ರಚನೆಗಳು ಮನೆತನದ ಆಸ್ತಿಯಾಗಿದ್ದವು. ತಂದೆಯಿಂದ ಮಗನಿಗೆ, ಕೆಲವೊಮ್ಮೆ ಅಳಿಯನಿಗೆ ಅವು ದಾಟುತ್ತಿದ್ದವು. ಫರುಖಾಬಾದ್ ಘರಾನೆಯ ಹಾಜಿ ವಿಲಾಯತ್ ಅಲಿ ಖಾನ್ ಅವರು ಲಖನೌದ ಬಖ್ಷೂ ಖಾನ್ ಅವರ ಮಗಳನ್ನು ವರಿಸಿದಾಗ, ಮಾವ ಅಮೂಲ್ಯವಾದ ಗತ್‌ಗಳನ್ನೇ ವರದಕ್ಷಿಣೆಯಾಗಿ ಕೊಟ್ಟರೆಂಬ ಐತಿಹ್ಯ ಇಂದಿಗೂ ತಬಲಾ ವಲಯದಲ್ಲಿ ಪ್ರಚಲಿತ. ಐತಿಹ್ಯವೇ ಆದರೂ ಅದು ವ್ಯವಸ್ಥೆಯ ಒಳಮರ್ಮವನ್ನು ತಿಳಿಸುತ್ತದೆ: ವಿದ್ಯೆ ಮಗಳ ಮದುವೆಯ ನೆಪದಲ್ಲಿ ಮನೆಯಿಂದ ಮನೆಗೆ ಹೋಗಬಹುದಿತ್ತು, ಆದರೆ ಅದನ್ನು ಸಭೆಯಲ್ಲಿ ನುಡಿಸುವ ಹಕ್ಕು ಅಳಿಯನದಾಗಿತ್ತು.

ಇದಕ್ಕೆ ಜೊತೆಯಾದದ್ದು ದೇಹಬಲದ ವಾದ. ತಬಲಾಕ್ಕೆ ಗಂಡಸಿನ ಕೈಯೇ ಬೇಕೆಂಬ ನಂಬಿಕೆ ವಾದ್ಯದ ನಿಜಸ್ಥಿತಿಗೆ ಒಗ್ಗುವುದಿಲ್ಲ. ಬಲಗೈ ತಬಲಾದ ನಾದ ಹುಟ್ಟುವುದು ಬೆರಳು ತಗುಲಿ ತಕ್ಷಣ ಹಿಮ್ಮೆಟ್ಟುವುದರಿಂದ. ಡಗ್ಗಾದ ಗುಂಗಾರ ಏರಿಳಿಯುವುದು ಮಣಿಕಟ್ಟಿನ ಹದವಾದ ಒತ್ತಡದಿಂದ. ಇಲ್ಲಿ ನಿರ್ಣಾಯಕವಾದುದು ದೀರ್ಘಕಾಲದ ರಿಯಾಜ್, ತೋಳಿನ ಗಾತ್ರವಲ್ಲ.

ಬಾಗಿಲು ತೆರೆದವರು

ಮುಂಬಯಿಯ ಪಾರ್ಸಿ ಸಮುದಾಯದ ಆಬಾನ್ ಮಿಸ್ತ್ರಿ (1940-2012) ಅವರನ್ನು ಭಾರತದ ಮೊದಲ ಮಹಿಳಾ ತಬಲಾ ಸೋಲೊ ವಾದಕಿಯೆಂದು ಗುರುತಿಸಲಾಗುತ್ತದೆ. ಕೇಕಿ ಜಿಜಿನಾ, ಉಸ್ತಾದ್ ಅಮೀರ್ ಹುಸೇನ್ ಖಾನ್ ಅವರ ಶಿಷ್ಯೆಯಾಗಿದ್ದ ಆಬಾನ್ ಕೇವಲ ವಾದಕಿಯಾಗಿ ಉಳಿಯಲಿಲ್ಲ. ಪಖವಾಜ್ ಮತ್ತು ತಬಲಾದ ಘರಾನೆಗಳ ಕುರಿತು ಹಿಂದಿಯಲ್ಲಿ ಸಂಶೋಧನಾ ಗ್ರಂಥ ರಚಿಸಿದರು. ಮನೆತನಗಳೊಳಗೆ ಕಾಪಿಟ್ಟಿದ್ದ ಪರಂಪರೆಯ ಚರಿತ್ರೆಯನ್ನು ಎಲ್ಲ ವಿದ್ಯಾರ್ಥಿಗಳ ಕೈಗೆ ಎಟುಕಿಸಿದವರಲ್ಲಿ ಆ ವಂಶಗಳ ಹೊರಗಿನ ಮಹಿಳೆಯೊಬ್ಬರು ಇದ್ದರೆಂಬುದು ಗಮನಾರ್ಹ.

ಉಸ್ತಾದ್ ಅಲ್ಲಾ ರಖಾ ಮತ್ತು ಅವರ ಪುತ್ರ ಉಸ್ತಾದ್ ಜಾಕಿರ್ ಹುಸೇನ್ ಅವರಲ್ಲಿ ಕಲಿತ ಅನುರಾಧಾ ಪಾಲ್ 1996ರಲ್ಲಿ ‘ಸ್ತ್ರೀ ಶಕ್ತಿ’ ಎಂಬ ಮಹಿಳಾ ವಾದ್ಯವೃಂದವನ್ನು ಕಟ್ಟಿದರು. ಕೋಲ್ಕತ್ತದ ರಿಂಪಾ ಶಿವ ಅವರು ತಂದೆ ಸ್ವಪನ್ ಶಿವ ಅವರಿಂದಲೇ ಫರುಖಾಬಾದ್ ಬಾಜ್ ಕಲಿತರು. ತಂದೆಯ ವಿದ್ಯೆ ಅಳಿಯನಿಗಲ್ಲ, ನೇರವಾಗಿ ಮಗಳಿಗೆ ದಕ್ಕಿತು.

ಇಂಥದೇ ಹಾದಿಯನ್ನು ಕರ್ನಾಟಕ ಸಂಗೀತದಲ್ಲಿ ತುಳಿದವರು ಬೆಂಗಳೂರಿನ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್. ಹಲವು ಶ್ರುತಿಗಳ ಘಟಗಳನ್ನು ಜೋಡಿಸಿದ ‘ಘಟತರಂಗ’ದ ಮೂಲಕ ಹಿನ್ನೆಲೆಯಲ್ಲಿದ್ದ ಮಡಕೆಯನ್ನು ಅವರು ವೇದಿಕೆಯ ಮುಂಭಾಗಕ್ಕೆ ತಂದರು.

ಉಳಿದಿರುವ ದಾರಿ

ಸಾಥ್‌ಗೆ ಯಾರನ್ನು ಕರೆಯಬೇಕೆಂಬುದು ಮುಖ್ಯ ಕಲಾವಿದರ ಮತ್ತು ಸಂಘಟಕರ ಇಚ್ಛೆಗೆ ಬಿಟ್ಟ ವಿಚಾರ. ಕರೆ ಬರದಿದ್ದರೆ ಪಕ್ಕವಾದ್ಯದವರಿಗೆ ವೇದಿಕೆಯೇ ಇಲ್ಲ. ಸೋಲೊ ಆ ಅವಲಂಬನೆಯಿಂದ ವಾದಕಿಯನ್ನು ಪಾರುಮಾಡುತ್ತದೆ. ಆದರೆ ಗಾಯನ ಕಛೇರಿಗಳಿಗೆ ಹೋಲಿಸಿದರೆ ತಬಲಾ ಸೋಲೊಗೆ ದೊರೆಯುವ ಅವಕಾಶಗಳು ವಿರಳ. ಅದೊಂದನ್ನೇ ನಂಬಿ ಬದುಕುವುದು ಪುರುಷರಿಗೂ ಸುಲಭವಲ್ಲ. ಆದ್ದರಿಂದ ಮಹಿಳೆಯ ಸೋಲೊವನ್ನು ಅಚ್ಚರಿಯಿಂದ ಮೆಚ್ಚಿ ಕಳುಹಿಸಿದರೆ ಸಾಲದು. ಹೆಸರಾಂತ ಗಾಯಕರ ಪಕ್ಕದ ಪೀಠಕ್ಕೂ ಆಕೆಯನ್ನು ಸಹಜವಾಗಿ ಕರೆಯುವಂತಾದಾಗಲೇ ಆ ಹಳೆಯ ಕಟ್ಟಳೆ ಮುರಿದಂತೆ.