ಮೂತ್ರಪಿಂಡಗಳ ಆರೈಕೆಯಲ್ಲಿ ಗಿಡಮೂಲಿಕೆ: ಯಾರಿಗೆ ಹಿತ, ಯಾರಿಗೆ ಅಹಿತ?

ಮಳೆ ಬಿದ್ದೊಡನೆ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ಸೀಮೆಯ ಹೊಲದ ಬದುಗಳಲ್ಲಿ ಕೊಮ್ಮೆ ಗಿಡ ತಾನಾಗಿಯೇ ಚಿಗುರುತ್ತದೆ. ಆಯುರ್ವೇದವು ಇದನ್ನು ಪುನರ್ನವವೆಂದು ಕರೆದು, ಬಾವು ಇಳಿಸುವುದಕ್ಕೂ ಮೂತ್ರ ಸರಾಗವಾಗುವುದಕ್ಕೂ ಬಳಸುತ್ತ ಬಂದಿದೆ. ನೆಗ್ಗಿಲು ಮುಳ್ಳಿಗೂ ಇದೇ ಖ್ಯಾತಿಯಿದೆ. ಹುರುಳಿಕಟ್ಟು, ಬಾಳೆದಿಂಡಿನ ರಸಗಳು ಕಲ್ಲು ಕರಗಿಸುತ್ತವೆಂಬ ನಂಬಿಕೆ ಮನೆಮನೆಯಲ್ಲಿದೆ. ಆದರೆ ಇವು ಒಳ್ಳೆಯವೇ ಎಂದು ಕೇಳುವ ಮೊದಲು, ಸೇವಿಸುವವರ ಮೂತ್ರಪಿಂಡಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ನಾವು ಅರಿಯಬೇಕು.

ಆರೋಗ್ಯವಂತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸೊಪ್ಪು, ಹಣ್ಣುಗಳಿಂದ ಬರುವ ಪೊಟ್ಯಾಸಿಯಂ ಹೆಚ್ಚಾದರೆ ಅದನ್ನೂ ಕಳೆಯುತ್ತವೆ. ಅವು ಸೊರಗಿದಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸಬಲ್ಲದು.

ಮೂತ್ರಪಿಂಡಗಳು ಚೆನ್ನಾಗಿದ್ದು, ಕಲ್ಲಿನ ತೊಂದರೆ ಮಾತ್ರ ಇರುವವರಿಗೆ ನೀರೇ ಮೊದಲ ಔಷಧ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಬೇಕು. ನಿಂಬೆ ಮತ್ತು ನಮ್ಮ ದೇವನಹಳ್ಳಿಯ ಚಕ್ಕೋತದಲ್ಲಿರುವ ಸಿಟ್ರೇಟ್ ಅಂಶವು ಕ್ಯಾಲ್ಸಿಯಂ ಕಲ್ಲುಗಳು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಪಾಲಕ್, ದಂಟಿನ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು. ಅವನ್ನು ಮಿತವಾಗಿ, ಮೊಸರು ಮಜ್ಜಿಗೆಯೊಡನೆ ಉಂಡರೆ ಅದರ ಬಹುಭಾಗ ಕರುಳಿನಲ್ಲೇ ಕ್ಯಾಲ್ಸಿಯಂ ಜೊತೆ ಬೆರೆತು ಹೊರಹೋಗುತ್ತದೆ. ದೊಡ್ಡ ಕಲ್ಲು ಮೂತ್ರನಾಳಕ್ಕೆ ಅಡ್ಡವಾಗಿದ್ದರೆ ಹುರುಳಿಕಟ್ಟನ್ನು ನಂಬಿ ಕಾಲ ಕಳೆಯಬಾರದು.

ಮೂತ್ರಪಿಂಡಗಳು ಈಗಾಗಲೇ ಸೊರಗಿರುವವರಿಗೆ ಮೇಲಿನ ಮಾತು ಅನ್ವಯಿಸದು. ಅವರು ಕುಡಿಯಬೇಕಾದ ನೀರಿನ ಅಳತೆಯನ್ನೂ ವೈದ್ಯರೇ ಹೇಳಬೇಕು. ಬೆರಕೆ ಸೊಪ್ಪನ್ನು ಬೇಯಿಸಿ, ಬಸಿದ ನೀರಿನಿಂದ ಬಸ್ಸಾರು ಮಾಡುವುದು ನಮ್ಮ ಸೀಮೆಯ ಪದ್ಧತಿ. ಸೊಪ್ಪಿನ ಪೊಟ್ಯಾಸಿಯಂ ಇಳಿಯುವುದು ಆ ನೀರಿಗೇ! ಆರೋಗ್ಯವಂತರಿಗೆ ಅದು ಪುಷ್ಟಿ. ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರಿಗೆ ಅಪಾಯ. ಅಂಥವರು ಬಸಿದ ನೀರನ್ನು ಚೆಲ್ಲಿ, ಪಲ್ಯವನ್ನಷ್ಟೇ ಸ್ವಲ್ಪ ಉಣ್ಣುವುದು ಲೇಸು. ಕೊಮ್ಮೆ, ಬಾಳೆದಿಂಡಿನ ರಸಗಳಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಸೇವಿಸಬಾರದು. ಚಕ್ಕೋತವು ರಕ್ತದೊತ್ತಡದ ಕೆಲವು ಮಾತ್ರೆಗಳ ಹಾಗೂ ಮೂತ್ರಪಿಂಡ ಕಸಿಯಾದವರು ನುಂಗುವ ಕೆಲವು ಔಷಧಗಳ ಪ್ರಭಾವವನ್ನು ಮಿತಿಮೀರಿ ಹೆಚ್ಚಿಸಬಹುದು.

ಗಿಡಮೂಲಿಕೆಯಿಂದ ಕೇಡಾಗದೆಂಬ ಭಾವನೆಯೂ ಸರಿಯಲ್ಲ. ಹಳ್ಳಿಗಳಲ್ಲಿ ಔಷಧವೆಂದು ಬಳಸುವ ಈಶ್ವರಿ ಬೇರಿನ ಕುಲಕ್ಕೆ ಸೇರಿದ ಮೂಲಿಕೆಯೊಂದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಸೇರಿ, ಅನೇಕ ಮಹಿಳೆಯರ ಮೂತ್ರಪಿಂಡಗಳನ್ನು ಶಾಶ್ವತವಾಗಿ ಹಾಳುಮಾಡಿತು. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವೇ ಇದಕ್ಕೆ ಕಾರಣ.

ಮೂತ್ರಪಿಂಡಗಳು ಸೊರಗುವುದಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಆರಂಭದಲ್ಲಿ ನೋವಾಗಲಿ ಬಾವಾಗಲಿ ಕಾಣಿಸಿಕೊಳ್ಳದಿರಬಹುದು. ಆದುದರಿಂದ ಇವೆರಡರಲ್ಲಿ ಒಂದಿದ್ದರೂ ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಿರಿ. ಮನೆಯಲ್ಲಿ ಸೇವಿಸುತ್ತಿರುವ ಚೂರ್ಣ, ಕಷಾಯಗಳನ್ನು ವೈದ್ಯರಿಂದ ಮರೆಮಾಚದೆ, ಪೊಟ್ಟಣಸಮೇತ ತೋರಿಸಿರಿ. ಔಷಧವನ್ನಾಗಲಿ ಡಯಾಲಿಸಿಸ್ ಚಿಕಿತ್ಸೆಯನ್ನಾಗಲಿ ಮೂಲಿಕೆಯ ಭರವಸೆಯಲ್ಲಿ ನಿಲ್ಲಿಸದಿರಿ.