ದೂರವಾಣಿಯ ದ್ವಾರಪಾಲಕ

ದೂರವಾಣಿಯನ್ನು ಕೈಗೆತ್ತಿಕೊಂಡು ಕೆಲವು ಅಂಕೆಗಳನ್ನು ಒತ್ತಿದರೆ ಸಾಕು, ಎಲ್ಲಿಯೋ ಇರುವವರ ಧ್ವನಿ ನಮ್ಮ ಕಿವಿಗೆ ಬೀಳುತ್ತದೆ. ಅಂಕೆಗಳನ್ನು ಒತ್ತುವುದಕ್ಕೂ ಧ್ವನಿ ಕೇಳುವುದಕ್ಕೂ ನಡುವೆ ನಡೆಯುವುದೇನೆಂದು ನಾವು ಯೋಚಿಸುವುದು ಅಪರೂಪ. ಹಿಂದೆ ಈ ನಡುವಿನ ಕೆಲಸವನ್ನು ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರಳು ಮಾಡುತ್ತಿದ್ದಳು. ಕರೆ ಯಾರಿಗೆ, ಅದು ಎಷ್ಟು ತುರ್ತು, ಯಾವ ತಂತಿ ಬಿಡುವಾಗಿದೆ ಎಂಬುದನ್ನೆಲ್ಲ ಕೇಳಿ ತಿಳಿದು ಆಕೆ ಸಂಪರ್ಕವನ್ನು ಕೂಡಿಸುತ್ತಿದ್ದಳು. ಇಂದು ಅನೇಕ ಕಚೇರಿ, ಆಸ್ಪತ್ರೆ, ಹೋಟೆಲುಗಳಲ್ಲಿ ಆ ಕೆಲಸವು ದಪ್ಪ ಪುಸ್ತಕದಷ್ಟು ಗಾತ್ರದ ಒಂದು ಪೆಟ್ಟಿಗೆಗೆ ಬಂದಿದೆ. ಇದಕ್ಕೆ ವಾಯ್ಸ್ ಗೇಟ್‌ವೇ ಎಂದು ಹೆಸರು; ಕನ್ನಡದಲ್ಲಿ ಧ್ವನಿದ್ವಾರವೆನ್ನೋಣ. ಇದರ ಒಂದು ಮಗ್ಗುಲಲ್ಲಿ ಸಾಮಾನ್ಯ ದೂರವಾಣಿಯ ತಂತಿಗಳು, ಇನ್ನೊಂದು ಮಗ್ಗುಲಲ್ಲಿ ಇಂಟರ್‌ನೆಟ್ ಜಾಲ. ಇತ್ತಣ ಮಾತನ್ನು ಅತ್ತ ದಾಟಿಸುವುದೇ ಇದರ ಕಾರ್ಯ.

ಆದರೆ ಪೆಟ್ಟಿಗೆಗೆ ಆಪರೇಟರಳ ವಿವೇಕವಿಲ್ಲ. ಆಕೆ ಆ ಕ್ಷಣದಲ್ಲಿ ಯೋಚಿಸಿ ಮಾಡುತ್ತಿದ್ದ ನಿರ್ಧಾರವನ್ನು ಇಲ್ಲಿ ಯಾರಾದರೂ ಮುಂಚಿತವಾಗಿಯೇ ಬರೆದಿಡಬೇಕು. ಹಾಗೆ ಬರೆದಿಟ್ಟ ಕಟ್ಟಳೆಯೇ ಕಾಲ್ ಪ್ರೊಫೈಲ್, ಎಂದರೆ ಕರೆಯ ಲಕ್ಷಣಪತ್ರ. ಇಂತಹ ಅಂಕೆಗಳ ಕರೆ ಬಂದರೆ ಯಾವ ದಾರಿಯಲ್ಲಿ, ಯಾವ ರೂಪದಲ್ಲಿ ಕಳುಹಿಸಬೇಕೆಂಬುದು ಅದರಲ್ಲಿರುತ್ತದೆ.

ಮೊದಲು ರೂಪದ ಮಾತನ್ನು ನೋಡೋಣ. ದೂರವಾಣಿಯು ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ಸ್ವರಗಳನ್ನು ಒಯ್ಯುತ್ತದೆ. ಮಾತು ಅರ್ಥವಾಗುವುದಕ್ಕೆ ಅಷ್ಟು ಸಾಕು. ಈ ಧ್ವನಿಯ ಅಲೆಯನ್ನು ಸೆಕೆಂಡಿಗೆ ೮,೦೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆದರೆ, ಸೆಕೆಂಡಿಗೆ ೬೪,೦೦೦ ಬಿಟ್‌ಗಳಾಗುತ್ತವೆ. ಇದು ಜಿ.೭೧೧ ಎಂಬ ಪದ್ಧತಿ. ೧೯೭೨ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನ್ಯತೆ ಪಡೆಯಿತು. ಅದೇ ಒಕ್ಕೂಟವು ೧೯೯೬ರಲ್ಲಿ ಪ್ರಕಟಿಸಿದ ಜಿ.೭೨೯ ಪದ್ಧತಿಯ ಜಾಣತನವೇ ಬೇರೆ. ಅದು ಅಲೆಯನ್ನು ಯಥಾವತ್ತಾಗಿ ನಕಲು ಮಾಡದೆ, ಮನುಷ್ಯನ ಗಂಟಲು ಬಾಯಿಗಳು ಆ ಸ್ವರವನ್ನು ಹೇಗೆ ಹೊರಡಿಸಿರಬಹುದೆಂಬ ವಿವರಣೆಯನ್ನು ಮಾತ್ರ ಕಳುಹಿಸಿ, ೮,೦೦೦ ಬಿಟ್‌ಗಳಲ್ಲಿ ಕೆಲಸ ಮುಗಿಸುತ್ತದೆ. ಇಂತಹ ಪದ್ಧತಿಗಳಿಗೆ ಕೋಡೆಕ್ ಎನ್ನುತ್ತಾರೆ.

ಹಾಗಾದರೆ ಎಲ್ಲ ಕರೆಗಳಿಗೂ ಜಿ.೭೨೯ ಅನ್ನೇ ಏಕೆ ಬಳಸಬಾರದು? ಸ್ವಲ್ಪ ಲೆಕ್ಕ ಹಾಕೋಣ. ಧ್ವನಿದ್ವಾರವು ಸಾಮಾನ್ಯವಾಗಿ ೨೦ ಮಿಲಿಸೆಕೆಂಡಿನ ಮಾತನ್ನು ಒಂದು ಪೊಟ್ಟಣವಾಗಿ ಕಟ್ಟುತ್ತದೆ. ಎಂದರೆ ಸೆಕೆಂಡಿಗೆ ೫೦ ಪೊಟ್ಟಣಗಳು. ವಿಳಾಸ, ಕ್ರಮಸಂಖ್ಯೆ, ಕಾಲಮುದ್ರೆ ಮೊದಲಾದುವಕ್ಕೆಂದು ಪ್ರತಿಯೊಂದು ಪೊಟ್ಟಣಕ್ಕೂ ೪೦ ಬೈಟ್‌ಗಳ ಲಕೋಟೆ ಬೇಕು. ಜಿ.೭೧೧ರ ಪೊಟ್ಟಣದಲ್ಲಿ ಮಾತು ೧೬೦ ಬೈಟ್, ಜಿ.೭೨೯ರಲ್ಲಿ ೨೦ ಬೈಟ್. ಎಂದರೆ ಎರಡನೆಯದರಲ್ಲಿ ಕಾಗದಕ್ಕಿಂತ ಲಕೋಟೆಯ ತೂಕವೇ ಇಮ್ಮಡಿ! ಒಟ್ಟು ಭಾರವು ಸೆಕೆಂಡಿಗೆ ಕ್ರಮವಾಗಿ ೮೦,೦೦೦ ಮತ್ತು ೨೪,೦೦೦ ಬಿಟ್. ಎಂಟನೆಯ ಒಂದು ಭಾಗಕ್ಕೆ ಇಳಿಯಬೇಕಾಗಿದ್ದ ಹೊರೆ ಮೂರನೆಯ ಒಂದು ಭಾಗದಷ್ಟಕ್ಕೆ ಮಾತ್ರ ಇಳಿಯಿತು. ಪೊಟ್ಟಣವನ್ನು ದೊಡ್ಡದು ಮಾಡಿದರೆ ಲಕೋಟೆಯ ವೆಚ್ಚ ತಗ್ಗುವುದು ನಿಜ. ಆದರೆ ಅದು ತುಂಬುವವರೆಗೆ ಮಾತು ಕಾಯಬೇಕಾಗುತ್ತದೆ. ಒಂದು ದಿಕ್ಕಿನ ವಿಳಂಬವು ೧೫೦ ಮಿಲಿಸೆಕೆಂಡನ್ನು ಮೀರದಿರುವುದು ಲೇಸೆಂದು ಒಕ್ಕೂಟದ ಸಲಹೆ. ವಿಳಂಬ ಹೆಚ್ಚಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳತೊಡಗುತ್ತದೆ.

ಇನ್ನೊಂದು ತೊಡಕೂ ಉಂಟು. ಮನುಷ್ಯನ ಕಂಠಕ್ಕೆಂದು ರೂಪಿಸಿದ ಪದ್ಧತಿ ಯಂತ್ರಗಳ ಕಂಠಕ್ಕೆ ಒಗ್ಗುವುದಿಲ್ಲ. ದೂರವಾಣಿಯ ೫ ಎಂಬ ಗುಂಡಿಯನ್ನು ಒತ್ತಿದಾಗ ಸೆಕೆಂಡಿಗೆ ೭೭೦ ಮತ್ತು ೧,೩೩೬ ಕಂಪನಗಳ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಜಿ.೭೨೯ ಇವನ್ನು ವಿಕಾರಗೊಳಿಸಬಹುದು. ಆಗ ‘ಕನ್ನಡಕ್ಕಾಗಿ ಇಂತಹ ಅಂಕೆಯನ್ನು ಒತ್ತಿರಿ’ ಎನ್ನುವ ಯಂತ್ರಕ್ಕೆ ನಮ್ಮ ಉತ್ತರ ತಿಳಿಯದು. ಆದುದರಿಂದ ‘ಗುಂಡಿಯ ಸ್ವರವನ್ನು ಒಯ್ಯಬೇಡ, ಗುಂಡಿ ಒತ್ತಿದ ಸುದ್ದಿಯನ್ನು ಬೇರೆ ಪೊಟ್ಟಣದಲ್ಲಿ ಕಳುಹಿಸು’ ಎಂದು ಲಕ್ಷಣಪತ್ರದಲ್ಲಿ ಬರೆಯುತ್ತಾರೆ. ಫ್ಯಾಕ್ಸ್ ಯಂತ್ರಕ್ಕೆ ಜಿ.೭೧೧ ಅನ್ನಾಗಲಿ, ಟಿ.೩೮ ಎಂಬ ಪ್ರತ್ಯೇಕ ವಿಧಾನವನ್ನಾಗಲಿ ಗೊತ್ತುಮಾಡುತ್ತಾರೆ. ಕರೆ ಕೂಡುವ ಮೊದಲು ಎರಡು ತುದಿಗಳೂ ತಮಗೆ ಬರುವ ಕೋಡೆಕ್‌ಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತವೆ. ಎರಡಕ್ಕೂ ಸಮಾನವಾದುದು ಒಂದೂ ಇಲ್ಲದಿದ್ದರೆ, ಯಂತ್ರಗಳೂ ತಂತಿಗಳೂ ಸುಸ್ಥಿತಿಯಲ್ಲಿದ್ದರೂ ಕರೆ ಮುರಿದುಬೀಳುತ್ತದೆ.

ಇನ್ನು ದಾರಿಯ ಮಾತು. ಕರೆಯ ಉದ್ದೇಶವನ್ನು ತಿಳಿಯಲು ಧ್ವನಿದ್ವಾರಕ್ಕಿರುವ ಆಧಾರ ಒತ್ತಿದ ಅಂಕೆಗಳು ಮಾತ್ರ. ಒಂದು ಕಚೇರಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ೧ ಅಥವಾ ೨ರಿಂದ ಮೊದಲಾಗುವ ನಾಲ್ಕು ಅಂಕೆಗಳು ಒಳಗಿನ ಕೊಠಡಿಗಳಿಗೆ. ಮೊದಲು ೦ ಒತ್ತಿದರೆ ಹೊರಗಿನ ಸಾಲು. ಎಲ್ಲವೂ ಸರಳವಾಗಿ ತೋರುತ್ತದೆ. ಈಗ ಒಬ್ಬರು ೧, ೧, ೨ ಎಂದು ಒತ್ತಿ ನಿಲ್ಲಿಸುತ್ತಾರೆ. ಭಾರತದಲ್ಲಿ ೧೧೨ ತುರ್ತು ಸಹಾಯದ ಸಂಖ್ಯೆ. ಆದರೆ ಪೆಟ್ಟಿಗೆಯ ದೃಷ್ಟಿಯಲ್ಲಿ ಅದು ೧೧೨೫ನೆಯ ಕೊಠಡಿಯ ಅರ್ಧ ಸಂಖ್ಯೆಯೂ ಆಗಿರಬಹುದು. ಅದು ನಾಲ್ಕನೆಯ ಅಂಕೆಗಾಗಿ ಕೆಲವು ಸೆಕೆಂಡು ಕಾದು, ಬಳಿಕ ‘ಸಂಖ್ಯೆ ಅಪೂರ್ಣ’ವೆಂದು ಕರೆಯನ್ನು ಕೈಬಿಡುತ್ತದೆ. ಯಂತ್ರ ಕೆಟ್ಟಿಲ್ಲ, ತನಗೆ ಬರೆದುಕೊಟ್ಟುದನ್ನೇ ಅದು ನಿಷ್ಠೆಯಿಂದ ಪಾಲಿಸಿದೆ.

ಇದು ಬರಿಯ ಕಲ್ಪನೆಯ ಭಯವಲ್ಲ. ೨೦೧೩ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಹೋಟೆಲೊಂದರಲ್ಲಿ ಒಬ್ಬ ಮಹಿಳೆಯ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಆಕೆಯ ಒಂಬತ್ತು ವರ್ಷದ ಮಗಳು ತನಗೆ ಕಲಿಸಿದ್ದಂತೆ ಕೊಠಡಿಯ ದೂರವಾಣಿಯಲ್ಲಿ ೯೧೧ ಎಂದು ಒತ್ತಿದಳು. ಅದು ಅಲ್ಲಿಯ ತುರ್ತು ಸಂಖ್ಯೆ. ನಾಲ್ಕು ಸಲ ಒತ್ತಿದರೂ ಕರೆ ಹೋಗಲಿಲ್ಲ. ಹೊರಗಿನ ಕರೆಗೆ ಮೊದಲು ಇನ್ನೊಂದು ೯ ಒತ್ತಬೇಕೆಂಬುದು ಆ ಹೋಟೆಲಿನ ದೂರವಾಣಿ ವ್ಯವಸ್ಥೆಯ ಕಟ್ಟಳೆಯಾಗಿತ್ತು. ತಾಯಿ ಬದುಕಲಿಲ್ಲ. ಆಕೆಯ ಹೆಸರನ್ನೇ ಹೊತ್ತ ‘ಕ್ಯಾರಿ ಕಾನೂನು’ ೨೦೧೮ರ ಫೆಬ್ರವರಿ ೧೬ರಂದು ಜಾರಿಯ ಅಂಕಿತ ಪಡೆಯಿತು. ೨೦೨೦ರ ಫೆಬ್ರವರಿ ೧೬ರ ನಂತರ ಆ ದೇಶದಲ್ಲಿ ತಯಾರಾಗುವ, ಮಾರಾಟವಾಗುವ, ಸ್ಥಾಪಿತವಾಗುವ ಇಂತಹ ವ್ಯವಸ್ಥೆಗಳಲ್ಲಿ ಯಾವ ಪೂರ್ವಾಂಕವೂ ಇಲ್ಲದೆ ೯೧೧ಕ್ಕೆ ನೇರವಾಗಿ ಕರೆ ಹೋಗಬೇಕೆಂದು ಅದು ವಿಧಿಸುತ್ತದೆ.

ಆದುದರಿಂದ ತಿಳಿದವರು ಧ್ವನಿದ್ವಾರಕ್ಕೆ ಎಲ್ಲಕ್ಕಿಂತ ಮೊದಲು ತುರ್ತು ಕರೆಯ ಲಕ್ಷಣಪತ್ರವನ್ನು ಬರೆಯುತ್ತಾರೆ. ೧೧೨ ಎಂದು ಒತ್ತಿದರೂ, ಅಭ್ಯಾಸಬಲದಿಂದ ೦೧೧೨ ಎಂದು ಒತ್ತಿದರೂ ಕರೆ ಒಡನೆ ಹೋಗಬೇಕು. ೧೧೨ರಿಂದ ಮೊದಲಾಗುವ ಸಂಖ್ಯೆಯನ್ನು ಯಾವ ಕೊಠಡಿಗೂ ಕೊಡಬಾರದು. ಮಿತವ್ಯಯದ ಕೋಡೆಕ್ ಇಲ್ಲಿ ಬೇಡ; ನಡುಗುವ ಧ್ವನಿಯೂ ಸ್ಪಷ್ಟವಾಗಿ ಕೇಳಬೇಕಾದ ಹೊತ್ತು ಇದು. ಮುಖ್ಯವಾಗಿ ಕರೆಯು ಅದೇ ಊರಿನ ತಂತಿಯಿಂದ ಹೊರಡಬೇಕು. ಉಳಿತಾಯಕ್ಕೆಂದು ಜಾಲದ ಮೂಲಕ ಬೇರೆ ಊರಿನ ಪ್ರಧಾನ ಕಚೇರಿಯಿಂದ ಅದನ್ನು ಹೊರಡಿಸಿದರೆ, ನೆರವು ಆ ಊರಿನ ವಿಳಾಸಕ್ಕೆ ಹೋದೀತು. ವಿದ್ಯುತ್ತು ನಿಂತರೆ ಪೆಟ್ಟಿಗೆಯೂ ಮೂಕವಾಗುವುದರಿಂದ ಬ್ಯಾಟರಿಯ ಆಸರೆಯೂ ಅಗತ್ಯ.

ವಿದ್ಯಾರ್ಥಿಗಳಾದ ವಾಚಕರಲ್ಲಿ ಕೆಲವರು ಮುಂದೆ ಇಂತಹ ಯಂತ್ರಗಳಿಗೆ ಕಟ್ಟಳೆ ಬರೆಯುವವರಾಗಬಹುದು. ಆ ಕೆಲಸದಲ್ಲಿ ಬಿಟ್ ಬೈಟ್‌ಗಳ ಲೆಕ್ಕ ಎಷ್ಟು ಬೇಕೋ, ಅಂಕೆಗಳನ್ನು ಒತ್ತುವವರು ಯಾರಿರಬಹುದು, ಯಾವ ಸ್ಥಿತಿಯಲ್ಲಿರಬಹುದು ಎಂಬ ಎಚ್ಚರವೂ ಅಷ್ಟೇ ಬೇಕು.