ಕಿವಿನೋವಿಗೆ ಎಣ್ಣೆ ಮದ್ದೆ?

ನೆಗಡಿಯಾಗಿ ಎರಡು ಮೂರು ದಿನ ಕಳೆದ ಮಗು ನಡುರಾತ್ರಿಯಲ್ಲಿ ಕಿವಿ ಹಿಡಿದುಕೊಂಡು ಚೀರಿ ಎದ್ದರೆ, ನಮ್ಮ ಅನೇಕ ಮನೆಗಳಲ್ಲಿ ಮೊದಲು ಒಲೆಯೇರುವುದು ಬೆಳ್ಳುಳ್ಳಿ ಹಾಕಿದ ಕೊಬ್ಬರಿ ಎಣ್ಣೆ. ಅದನ್ನು ಕಿವಿಗೆ ಹೊಯ್ಯುವ ಮುನ್ನ ಕಿವಿಯ ರಚನೆಯನ್ನು ತುಸು ನೆನೆಯುವುದು ಒಳ್ಳೆಯದು.

ಕಿವಿಯ ತೂತಿನ ಕೊನೆಯಲ್ಲಿ ತಮಟೆಯ ತೆಳುಪೊರೆ ಬಿಗಿದಿದೆ. ಅದರಾಚೆ ಮಧ್ಯಕರ್ಣವೆಂಬ ಪುಟ್ಟ ಗಾಳಿಗೂಡು. ಅಲ್ಲಿಂದ ಮೂಗಿನ ಹಿಂಬದಿಗೆ ಒಂದು ಸಣ್ಣ ನಾಳ. 16ನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ಯುಸ್ಟೇಕಿಯ ಹೆಸರೇ ಅದಕ್ಕೆ ನಿಂತಿದೆ. ಉಗುಳು ನುಂಗಿದಾಗ ನಾಳ ಕ್ಷಣಕಾಲ ತೆರೆದು, ತಮಟೆಯ ಎರಡು ಬದಿಯ ಒತ್ತಡವನ್ನು ಸಮಮಾಡುತ್ತದೆ. ಘಟ್ಟವಿಳಿಯುವ ಬಸ್ಸಿನಲ್ಲಿ ಕಿವಿ 'ಟಪ್ಪೆಂದು' ಬಿಡುವುದನ್ನು ವಾಚಕರು ಬಲ್ಲರು. ದೊಡ್ಡವರಲ್ಲಿ ಈ ನಾಳ ಇಳಿಜಾರಾಗಿದೆ; ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಿಂದ ಅದು ಊದಿ ಮುಚ್ಚಿತೆಂದರೆ ಗೂಡಿನಲ್ಲಿ ದ್ರವ ನಿಂತು, ರೋಗಾಣುಗಳು ಬೆಳೆದು, ಕೀವು ತಮಟೆಯನ್ನು ಒಳಗಿನಿಂದ ಒತ್ತುತ್ತದೆ. ನೋವು ಹುಟ್ಟುವುದು ಈ ಒತ್ತಡದಿಂದ.

ಹೊರಗಿನಿಂದ ಹೊಯ್ದ ಎಣ್ಣೆ ತಮಟೆಯನ್ನು ದಾಟಲಾರದು. ದಾಟಿದರೆ ತಮಟೆ ತೂತಾಗಿದೆಯೆಂದೇ ಅರ್ಥ. ಆಗಂತೂ ಎಣ್ಣೆ ಅಲ್ಲಿಗೆ ಹೋಗಲೇಬಾರದು. ಬಿಸಿ ಮೀರಿದರೆ ಸುಟ್ಟಗಾಯ ಬೇರೆ.

ಹಾಗಾದರೆ ಬೆಳಗಾಗುವವರೆಗೆ ಮಾಡುವುದೇನು? ಮಗುವನ್ನು ನೆಟ್ಟಗೆ ಎತ್ತಿಕೊಳ್ಳಿರಿ. ಮಲಗಿದಾಗ ನೋವು ಹೆಚ್ಚುತ್ತದೆ. ಮಣಿಕಟ್ಟಿಗೆ ಹಿತವೆನಿಸುವಷ್ಟೇ ಬೆಚ್ಚಗಿನ ಬಟ್ಟೆಯನ್ನು ಕಿವಿಯ ಹೊರಗೆ ಹಿಡಿಯಬಹುದು. ನಿಜವಾದ ಶಮನ ಪ್ಯಾರಾಸಿಟಮಾಲಿನಿಂದ: ಒಂದು ಸಲಕ್ಕೆ, ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ. 12 ಕಿಲೋ ತೂಗುವ ಮಗುವಿಗೆ 120ರಿಂದ 180. ಮತ್ತೆ ಕೊಡಲು ಕನಿಷ್ಠ 4 ಗಂಟೆ ಕಳೆಯಬೇಕು. ದಿನಕ್ಕೆ 4 ಸಲ ಮೀರಬಾರದು. ಸೀಸೆಯ ಚೀಟಿಯನ್ನು ಓದದೆ ಅಳೆಯುವುದು ಅಪಾಯಕರ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು. ಹಸುಳೆಗಳ ಹನಿಮದ್ದಿನಲ್ಲಾದರೋ 1 ಮಿಲಿಲೀಟರಿನಲ್ಲೇ 100 ಇರಬಹುದು! ಆಸ್ಪಿರಿನ್ ಮಕ್ಕಳಿಗೆ ಕೂಡದು. 1963ರಲ್ಲಿ ಆಸ್ಟ್ರೇಲಿಯದ ಡಗ್ಲಾಸ್ ರೈ ವಿವರಿಸಿದ, ಮಿದುಳು ಯಕೃತ್ತುಗಳೆರಡನ್ನೂ ಕೆಡಿಸುವ ರೋಗಕ್ಕೂ ಅದಕ್ಕೂ ನಂಟು ಕಂಡುಬಂದಿದೆ.

ಬಹುಪಾಲು ಸೋಂಕುಗಳು ಎರಡು ಮೂರು ದಿನಗಳಲ್ಲಿ ತಾವಾಗಿ ಇಳಿಯುತ್ತವೆ. ಆಂಟಿಬಯೋಟಿಕ್ ಬೇಕೇ ಎಂಬುದನ್ನು ವೈದ್ಯರೇ ನಿಶ್ಚಯಿಸಲಿ. ಮೊದಲ ದಿನದ ನೋವನ್ನು ಅದು ಹೆಚ್ಚೇನೂ ತಗ್ಗಿಸದು. 6 ತಿಂಗಳೊಳಗಿನ ಕೂಸಿಗೆ ಮಾತ್ರ ಯಾವ ಔಷಧವನ್ನೂ ವೈದ್ಯರನ್ನು ಕೇಳದೆ ಕೊಡಬಾರದು. ನೋವು ತಟ್ಟನೆ ನಿಂತು ಹಾಸಿಗೆಯ ಮೇಲೆ ಕೀವು ಕಂಡರೆ, ಗುಣವಾಯಿತೆಂದು ಸುಮ್ಮನಿರುವವರುಂಟು. ವಾಸ್ತವವಾಗಿ ತಮಟೆ ಹರಿದು ಒತ್ತಡ ಇಳಿದಿದೆ. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಕಿವಿಗೆ ನೀರು ಸೋಕಬಾರದು, ವೈದ್ಯರೊಮ್ಮೆ ನೋಡಬೇಕು. ಕಿವಿಯ ಹಿಂದಿನ ಎಲುಬಿನ ಮೇಲೆ ಬಾವು ಬಂದು ಕಿವಿ ಮುಂದಕ್ಕೆ ಬಾಗಿದರಂತೂ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು.